ನೆಟ್ ಹೋಯಿತಾ, ವೈಫೈ ಹೋಯಿತಾ? ಡೆಸ್ಕ್‌ಟಾಪ್ ಮೇಲೊಂದು ಪಿಂಗ್ ಶಾರ್ಟ್‌ಕಟ್

ಮೂಡಿಗೆರೆ ಕಡೆ ಮಳೆ ಹಿಡಿದರೆ ಮನೆಯಿಂದ ಕೆಲಸ ಮಾಡುವವರ ಪಾಡು ಹೇಳುವುದೇ ಬೇಡ. ಮೀಟಿಂಗ್ ನಡುವೆ ಎದುರಿನವರ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತದೆ. ಎಲ್ಲೋ ಮರ ಬಿದ್ದು ಲೈನ್ ಹೋಗಿದೆಯೋ, ಇಲ್ಲಾ ಮನೆಯೊಳಗಿನ ವೈಫೈದೇ ತಕರಾರೋ? ಮೊದಲು ಗೊತ್ತಾಗಬೇಕಾದ್ದು ಇದು.

ಅದಕ್ಕೆ ಪಿಂಗ್ ಸಾಕು, ಅಂದರೆ ಇನ್ನೊಂದು ಕಡೆಗೆ ಪುಟ್ಟ ಸಂದೇಶ (ಪ್ಯಾಕೆಟ್) ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್. ಆದರೆ ಆ ಗಡಿಬಿಡಿಯಲ್ಲಿ ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಹುಡುಕಿ, ತೆರೆದು, ಟೈಪ್ ಮಾಡುತ್ತಾ ಕೂರುವುದು ಯಾರಿಗೆ ಬೇಕು ಅಲ್ವಾ?

ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್‌ನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ನ್ಯೂ, ಆಮೇಲೆ ಶಾರ್ಟ್‌ಕಟ್. ಲೊಕೇಶನ್ ಕೇಳುವ ಕಡೆ ಇಂಗ್ಲಿಷ್ ಅಕ್ಷರಗಳಲ್ಲಿ ಸಿಎಂಡಿ ಡಾಟ್ ಇಎಕ್ಸ್‌ಇ, ಸ್ಪೇಸ್, ಸ್ಲ್ಯಾಶ್ ಕೆ, ಸ್ಪೇಸ್, ಪಿಂಗ್, ಸ್ಪೇಸ್, ಹೈಫನ್ ಟಿ, ಸ್ಪೇಸ್, 8.8.8.8 ಎಂದು ಹಾಕಿ. ಕೊನೆಯದು ಗೂಗಲ್‌ನ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಅಂಕಿ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸ. ಹೈಫನ್ ಟಿ ಅಂದರೆ ನಾವು ನಿಲ್ಲಿಸುವ ತನಕ ಪಿಂಗ್ ಮಾಡುತ್ತಲೇ ಇರು ಅಂತ. ಸ್ಲ್ಯಾಶ್ ಕೆ ಬಿಡಬೇಡಿ, ಅದಿದ್ದರೇನೇ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿದ ಮೇಲೂ ಕಿಟಕಿ ಮುಚ್ಚದೆ ಉಳಿಯುವುದು, ಎಷ್ಟು ಪ್ಯಾಕೆಟ್ ಹೋಯಿತು, ಎಷ್ಟು ಕಳೆದುಹೋಯಿತು ಅನ್ನುವ ಲೆಕ್ಕ ಕಣ್ಣಿಗೆ ಸಿಗುವುದು. ಕಂಪ್ಲೇಂಟ್ ಕೊಡುವಾಗ "ನೆಟ್ ಸ್ಲೋ" ಅನ್ನುವ ಬದಲು ಆ ಲೆಕ್ಕ ಹೇಳಿದರೆ ಮಾತಿಗೆ ತೂಕ ಜಾಸ್ತಿ.

ಇದೇ ಥರ ರೂಟರ್‌ಗೂ ಒಂದು ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅದರ ವಿಳಾಸ 192.168.1.1, ನಿಮ್ಮದು ಬೇರೆ ಇದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಕಮಾಂಡ್ ಕೊಟ್ಟು ಡೀಫಾಲ್ಟ್ ಗೇಟ್‌ವೇ ಸಾಲು ನೋಡಿ. ರೂಟರ್ ಉತ್ತರ ಕೊಡುತ್ತಿದೆ, ಆದರೆ 8.8.8.8 ಕಡೆಯಿಂದ ಬರೀ ರಿಕ್ವೆಸ್ಟ್ ಟೈಮ್ಡ್ ಔಟ್ (ಉತ್ತರ ಬರಲಿಲ್ಲ) ಅಂದರೆ ಹೊರಗಿನ ಲೈನನ್ನೇ ಅನುಮಾನಿಸಬೇಕು. ರೂಟರೇ ಮಾತಾಡುತ್ತಿಲ್ಲ ಅಂದರೆ ಲೈನ್‌ಮ್ಯಾನ್‌ಗೆ ಫೋನ್ ಮಾಡುವ ಮೊದಲು ರೂಟರ್‌ಗೆ ಕರೆಂಟ್ ಇದೆಯಾ ಅಂತ ನಿಮ್ಮ ಯುಪಿಎಸ್ ನೋಡಿ.

ಇನ್ನೊಂದು. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ಶಾರ್ಟ್‌ಕಟ್ ಕೀ ಅಂತ ಇದೆ. ಅಲ್ಲಿ ಪಿ ಒತ್ತಿದರೆ ಅದೇ ಕಂಟ್ರೋಲ್, ಆಲ್ಟ್, ಪಿ ಅಂತ ತುಂಬಿಕೊಳ್ಳುತ್ತದೆ. ಇದನ್ನು ಡೆಸ್ಕ್‌ಟಾಪ್‌ನಿಂದ ಯಾವುದೋ ಫೋಲ್ಡರ್‌ಗೆ ಸಾಗಿಸಿದರೆ ಕೀ ಕೆಲಸ ಮಾಡುವುದಿಲ್ಲ, ಡೆಸ್ಕ್‌ಟಾಪ್ ಅಥವಾ ಸ್ಟಾರ್ಟ್ ಮೆನುವಿನಲ್ಲೇ ಇರಲಿ. ಕೆಲವರು ಎಲ್ಲದಕ್ಕೂ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಟಿಕ್ ಹಾಕುತ್ತಾರೆ. ಪಿಂಗ್‌ಗೆ ಅದು ಬೇಡ, ಸುಮ್ನೆ ಪ್ರತಿ ಸಲ ಯೆಸ್ ಒತ್ತುವ ಕೆಲಸ.

ವಿಂಡೋಸ್ ಬದಲು ಉಬುಂಟು (ಲಿನಕ್ಸ್) ಇಟ್ಟುಕೊಂಡವರಿಗೆ ಕಂಟ್ರೋಲ್, ಆಲ್ಟ್, ಟಿ ಒತ್ತಿದರೆ ಟರ್ಮಿನಲ್, ಅಂದರೆ ಅಲ್ಲಿನ ಕಮಾಂಡ್ ಕಿಟಕಿ, ತೆರೆದುಕೊಳ್ಳುತ್ತದೆ. ಅಲ್ಲಿ ಹೈಫನ್ ಟಿ ಬೇಡ, ಪಿಂಗ್ ತಾನಾಗಿಯೇ ನಿಲ್ಲುವುದಿಲ್ಲ.