ರೋಸ್ಟರ್‌ನಲ್ಲಿ ಕಾಣದ ನಾಲ್ಕು ಗಂಟೆ

ನಾನು ಪೈಲಟ್, ಸದ್ಯ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಸಹಪೈಲಟ್. ಡ್ಯೂಟಿ ಶುರುವಾಗುವ ಊರು, ಅಂದರೆ ಬೇಸ್, ಬೆಂಗಳೂರು. ಮನೆ ಮೈಸೂರು. ಹೀಗಂದ ತಕ್ಷಣ ಎಲ್ಲರೂ ನಗುತ್ತಾರೆ, "ದೆಹಲಿಗೆ ಹೋಗಿ ಬರೋರಿಗೆ ಮೈಸೂರು ಯಾವ ದೂರ ಬಿಡಿ!" ಅಂತ.

ದೆಹಲಿ ದೂರ ಅಲ್ಲ. ದೇವನಹಳ್ಳಿ ದೂರ. ದಶಪಥ ಹೆದ್ದಾರಿ ಬಂದ ಮೇಲೆ ಮೈಸೂರಿಂದ ಬೆಂಗಳೂರಿಗೆ ಒಂದೂವರೆ ಗಂಟೆ ಅಂತ ಹೇಳುತ್ತಾರಲ್ಲ, ಅದು ಕೆಂಗೇರಿವರೆಗೆ ಮಾತ್ರ ನಿಜ. ಅಲ್ಲಿಂದ ಇಡೀ ಊರು ದಾಟಿ, ಹೆಬ್ಬಾಳ ಹತ್ತಿ ಇಳಿದು ಏರ್‌ಪೋರ್ಟ್ ಮುಟ್ಟೋದು ಬೇರೆಯೇ ಕಥೆ. ಮನೆ ಬಾಗಿಲಿಂದ ಟರ್ಮಿನಲ್ ಬಾಗಿಲಿಗೆ ನಾನು ನಾಲ್ಕು ಗಂಟೆ ಲೆಕ್ಕ ಹಾಕುತ್ತೇನೆ.

ಕಂಪನಿ ಕ್ಯಾಬ್ ಪಿಕಪ್ ಕೊಡುತ್ತದೆ, ಆದರೆ ಊರೊಳಗೆ ಮಾತ್ರ. ಮೈಸೂರಲ್ಲಿ ಇರೋದು ನನ್ನ ಆಯ್ಕೆ. ಹೆಂಡತಿಗೆ ಅಲ್ಲೇ ಸ್ಕೂಲಿನಲ್ಲಿ ಕೆಲಸ, ಅಪ್ಪ ಅಮ್ಮನೂ ಅಲ್ಲೇ. ಹಾಗಾಗಿ ಆ ನಾಲ್ಕು ಗಂಟೆ ನನ್ನ ತಲೆನೋವು. ರೋಸ್ಟರ್‌ನಲ್ಲಿ ಡ್ಯೂಟಿ ಶುರುವಾಗೋದು ರಿಪೋರ್ಟಿಂಗ್ ಹೊತ್ತಿಗೆ. ಅದಕ್ಕಿಂತ ಮುಂಚೆ ನಾನು ಬಸ್ಸಲ್ಲಿದ್ದರೂ ಹಾಸಿಗೆಯಲ್ಲಿದ್ದರೂ ಕಾಗದದ ಮೇಲೆ ಅದು 'ರೆಸ್ಟ್' ಅಷ್ಟೇ.

2023ರಲ್ಲಿ ಒಂದು ಸಲ ಬೆಳಗ್ಗೆ 4:40ಕ್ಕೆ ರಿಪೋರ್ಟಿಂಗ್ ಇತ್ತು. ಹಿಂದಿನ ದಿನ ರಜೆ. ಮನೆಯಲ್ಲಿ ಚಿಕ್ಕಪ್ಪನ ಮೊಮ್ಮಗಳ ನಾಮಕರಣ, ಬಿಟ್ಟು ಹೊರಡೋಕೆ ಮನಸ್ಸಾಗಲಿಲ್ಲ. ರಾತ್ರಿ ಊಟ ಮುಗಿಸಿ ಫ್ಲೈಬಸ್ ಹತ್ತಿದೆ. ಬಸ್ಸಲ್ಲಿ ಮಲಗಿದರಾಯ್ತು ಅಂದುಕೊಂಡೆ. ಬಸ್ ನಿದ್ದೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಹಂಪ್ ಬಂದಾಗಲೆಲ್ಲ ಕಣ್ಣು ತೆರೆಯುತ್ತದೆ, ಪಕ್ಕದವರ ಫೋನ್ ಬೆಳಕು ಮುಖಕ್ಕೆ ಬೀಳುತ್ತದೆ, ಕತ್ತು ಒಂದು ಕಡೆ ಸೆಟೆದುಕೊಳ್ಳುತ್ತದೆ. ಏರ್‌ಪೋರ್ಟ್ ರೆಸ್ಟ್‌ರೂಮಲ್ಲಿ ಮುಖ ತೊಳೆದು ಯೂನಿಫಾರ್ಮ್ ಹಾಕಿಕೊಂಡೆ. ಬ್ರೆತ್ ಅನಲೈಸರ್‌ಗೆ ಊದಿದೆ. ಸೊನ್ನೆ ಬಂತು. ಆ ಯಂತ್ರ ಕುಡಿದಿದ್ದನ್ನು ಹಿಡಿಯುತ್ತದೆ. ನಿದ್ದೆಗೆಟ್ಟವರನ್ನು ಹಿಡಿಯುವ ಯಂತ್ರ ಅಲ್ಲಿರಲಿಲ್ಲ.

ಮೊದಲ ಎರಡು ಸೆಕ್ಟರ್, ಅಂದರೆ ಒಂದೂರಿಂದ ಇನ್ನೊಂದೂರಿಗೆ ಹಾರಾಟ, ಚೆನ್ನಾಗೇ ಹೋದವು. ಮೂರನೆಯದು ಪುಣೆ. ಆ ಸೆಕ್ಟರ್ ಹಾರಿಸುತ್ತಿದ್ದವನು ನಾನು, ರೇಡಿಯೋ ಕ್ಯಾಪ್ಟನ್ ಕೈಲಿ. ಕೆಳಗಿಳಿಯುವಾಗ ನೆಲದಿಂದ ದಾರಿ ಹೇಳುವ ಕಂಟ್ರೋಲರ್ ಲೆವೆಲ್ 110ಕ್ಕೆ, ಅಂದರೆ ಸುಮಾರು 11,000 ಅಡಿಗೆ ಇಳಿಯಲು ಹೇಳಿದರು. ಎದುರಿನ ನಾಬ್ ತಿರುಗಿಸಿ ಆ ಸಂಖ್ಯೆ ಇಡಬೇಕು, ಆಮೇಲೆ ಇಬ್ಬರೂ ನೋಡಿ ಜೋರಾಗಿ ಹೇಳಬೇಕು. ನಾನು ಬಾಯಲ್ಲಿ "ಒನ್ ಒನ್ ಝೀರೋ" ಅಂದೆ. ಕೈ 100 ಇಟ್ಟಿತ್ತು.

ಕ್ಯಾಪ್ಟನ್ ಧಾರವಾಡದವರು. ಏನೂ ಅನ್ನಲಿಲ್ಲ. ಬೆರಳು ತಂದು ಆ ಚಿಕ್ಕ ಕಿಟಕಿಯಂಥ ಡಿಸ್‌ಪ್ಲೇ ಕೆಳಗೆ ಇಟ್ಟು, "ಓದ್ರಿ" ಅಂದರು. ಓದಿದೆ. ಮೈಯೆಲ್ಲ ತಣ್ಣಗಾಯಿತು. ತಕ್ಷಣ ಸರಿಪಡಿಸಿದೆ, ವಿಮಾನ ಇನ್ನೂ ಬಹಳ ಮೇಲಿತ್ತು, ಏನೂ ಆಗಲಿಲ್ಲ. ಆದರೆ ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಇರಬೇಕಾದ ಅಂತರವೇ 1,000 ಅಡಿ. ನನ್ನ ಕೈ ತಪ್ಪಿದ್ದೂ ಅಷ್ಟೇ.

ಪುಣೆಯಲ್ಲಿ ಇಳಿದು, ಎಂಜಿನ್ ಆಫ್ ಮಾಡಿ, ಪ್ರಯಾಣಿಕರು ಇಳಿಯುತ್ತಿರುವಾಗ ಕ್ಯಾಪ್ಟನ್ ಕೇಳಿದರು, "ರಾತ್ರಿ ಎಲ್ಲಿ ಮಲಗಿದ್ರಿ?"

"ಬಸ್ಸಲ್ಲಿ ಸರ್."

"ಬಸ್ಸಿನ್ಯಾಗ ಮಲಗಿದ್ದು ನಿದ್ದಿ ಅಲ್ರೀ. ಬಜ್ಪೆ ರಿಪೋರ್ಟ್ ಓದೀರಿಲ್ಲೋ?"

ಓದಿದ್ದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ದಾರಿಯಲ್ಲಿ ಕ್ಯಾಪ್ಟನ್ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ನಿದ್ದೆ ಮಾಡಿದ್ದರು. ಗೊರಕೆ ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ದಾಖಲಾಗಿದೆ. ನಿದ್ದೆಯಿಂದ ಎದ್ದ ಮೇಲೂ ಒಂದಷ್ಟು ಹೊತ್ತು ತಲೆ ಪೂರ್ತಿ ಎಚ್ಚರವಾಗಿರುವುದಿಲ್ಲ. ಅದರಲ್ಲೂ ರಾತ್ರಿ 2ರಿಂದ ಬೆಳಗ್ಗೆ 6ರವರೆಗಿನ ಹೊತ್ತು ಮೈ ತಾನಾಗಿ ಮಂಕಾಗುವ ಹೊತ್ತು. ಇದೆಲ್ಲ ಪರೀಕ್ಷೆಗೆ ಓದಿ ಮಾರ್ಕ್ಸ್ ತಗೊಂಡಿದ್ದೆ. ಅದೇ ಹೊತ್ತಲ್ಲಿ ಫ್ಲೈಬಸ್‌ನಲ್ಲಿ ತೂಕಡಿಸಿಕೊಂಡು ಬಂದಿದ್ದೆ.

ಮನೆಗೆ ಬಂದ ಮೇಲೆ ಅಮೆರಿಕದ ಇನ್ನೊಂದು ವರದಿ ತೆಗೆದು ಕೂತೆ. 2009ರ ಫೆಬ್ರುವರಿಯಲ್ಲಿ ಬಫಲೋ ಹತ್ತಿರ ಬಿದ್ದ ಕೋಲ್ಗನ್ ಏರ್ ವಿಮಾನ, 50 ಸಾವು. ಮುಖ್ಯ ಕಾರಣ ಸ್ಟಾಲ್ ಎಚ್ಚರಿಕೆ, ಅಂದರೆ ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯಲಾರದು ಅನ್ನೋ ಎಚ್ಚರಿಕೆ, ಬಂದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದು. ಆದರೆ ಆ ಫಸ್ಟ್ ಆಫೀಸರ್ ಬಂದ ದಾರಿ ನೋಡಿ. ಬೇಸ್ ಪೂರ್ವ ಕರಾವಳಿಯ ನ್ಯೂವರ್ಕ್. ಮನೆ ಪಶ್ಚಿಮದ ತುದಿಯಲ್ಲಿ ಸಿಯಾಟಲ್ ಕಡೆ. ಹಿಂದಿನ ರಾತ್ರಿ ಸರಕು ವಿಮಾನದಲ್ಲಿ ಮೆಂಫಿಸ್‌ಗೆ, ಅಲ್ಲಿಂದ ಇನ್ನೊಂದು ಹತ್ತಿ ನ್ಯೂವರ್ಕ್‌ಗೆ. ನನ್ನದು ಒಂದು ಬಸ್ಸು, ಅವರದು ಎರಡು ವಿಮಾನ. ಆಮೇಲೆ ಅಲ್ಲಿ 2014ರಿಂದ ವಿಶ್ರಾಂತಿಯ ಹೊಸ ನಿಯಮ ಬಂತು. ಆದರೂ ಮನೆಯಿಂದ ಬೇಸ್‌ಗೆ ಬರುವ ದಾರಿಯ ಹೊಣೆ ಪೈಲಟ್ ತಲೆ ಮೇಲೇ ಉಳಿಯಿತು.

ನಮ್ಮಲ್ಲೂ ಗಂಟೆಗಳ ಲೆಕ್ಕ ಬಿಗಿಯಾಗೇ ಇದೆ. 7 ದಿನಕ್ಕೆ 35 ಗಂಟೆ ಹಾರಾಟ, ವರ್ಷಕ್ಕೆ 1,000, ಅದರ ಮೇಲಿಲ್ಲ. 2025ರ ಜುಲೈ 1ರಿಂದ ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿದೆ. ಒಳ್ಳೆಯದೇ. ಆದರೆ ಅದನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ಕ್ಯಾಲೆಂಡರ್ ಮುಂದೆ ನಿಂತು ಕಳೆಯುತ್ತಾ ಹೋದಳು. ಬರೋಕೆ ನಾಲ್ಕು, ಹೋಗೋಕೆ ನಾಲ್ಕು, ಅಲ್ಲಿ ಮಲಗೋ ರಾತ್ರಿ ಒಂದು, ಅದಕ್ಕೆ ಹನ್ನೆರಡು. "ನನಗೆ ಸಿಗೋದು ಇಪ್ಪತ್ತೆಂಟು" ಅಂದಳು. ವಾದ ಮಾಡೋಕೆ ಏನೂ ಇರಲಿಲ್ಲ.

ಅಲ್ಲಿ ಮಲಗೋ ರಾತ್ರಿ ಅಂದರೆ ಯಲಹಂಕದ ರೂಮು. ಪುಣೆ ಆದ ತಿಂಗಳೇ ಇನ್ನಿಬ್ಬರು ಹುಡುಗರ ಜೊತೆ ಸೇರಿ ಬಾಡಿಗೆಗೆ ಹಿಡಿದೆ. ಒಬ್ಬ ಹುಬ್ಬಳ್ಳಿಯವನು, ಒಬ್ಬ ಕೊಯಮತ್ತೂರಿನವನು. ಮೂರು ಹಾಸಿಗೆ, ಒಂದು ಇಂಡಕ್ಷನ್ ಸ್ಟವ್. ಕಿಟಕಿಗೆ ಪರದೆ ಸಾಲದೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದ್ದೇವೆ, ಹಗಲು ಮಲಗೋರಿಗೆ ಬೇಕಲ್ಲ. ಒಬ್ಬರು ಮಲಗಿದ್ದರೆ ಬಾಗಿಲ ಹಿಡಿಕೆಗೆ ಕೆಂಪು ಟವೆಲ್. ಟವೆಲ್ ಇದ್ದರೆ ಕುಕ್ಕರ್ ಇಡೋ ಹಾಗಿಲ್ಲ. ಆ ಬಾಡಿಗೆ ಸುಮ್ನೆ ದಂಡ ಅಂತ ಅಪ್ಪ ಈಗಲೂ ಹೇಳುತ್ತಾರೆ.

ಬೆಳಗಿನ ರಿಪೋರ್ಟಿಂಗ್ ಇದ್ದರೆ ಹಿಂದಿನ ಮಧ್ಯಾಹ್ನವೇ ಮೈಸೂರು ಬಿಡುತ್ತೇನೆ. ಸ್ಟ್ಯಾಂಡ್‌ಬೈ ಇದ್ದರೂ ಅಷ್ಟೇ. ಕರೆದಾಗ ಮೈಸೂರಿಂದ ಓಡಿ ಬರೋಕಾಗಲ್ಲ. ಹಾಗೆ ನೋಡಿದರೆ ಬರೋದಕ್ಕಿಂತ ವಾಪಸ್ ಹೋಗೋದೇ ಕಷ್ಟ. ರಾತ್ರಿ ಪೂರ್ತಿ ಹಾರಿ ಬೆಳಗ್ಗೆ ಸೈನ್ ಆಫ್ ಆದಾಗ ಮನೆ ಕಡೆಯೇ ಕಾಲು ಎಳೆಯುತ್ತದೆ. ಕಾರು ತೆಗೆದು ಹೊರಟುಬಿಡೋಣ ಅನಿಸುತ್ತದೆ. ಒಂದು ಸಲ ಹಾಗೆ ಹೊರಟು ರಾಮನಗರದ ಹತ್ತಿರ ಕಣ್ಣು ಮುಚ್ಚಿತ್ತು, ಪಕ್ಕದ ಲಾರಿಯವನ ಹಾರ್ನ್ ಎಬ್ಬಿಸಿತು. ಇದನ್ನು ಮನೆಯಲ್ಲಿ ಇವತ್ತಿಗೂ ಹೇಳಿಲ್ಲ. ಈಗ ಮೊದಲು ಯಲಹಂಕ, ನಾಲ್ಕೈದು ಗಂಟೆ ನಿದ್ದೆ, ಆಮೇಲೆ ಬಸ್ಸು.

ಅಷ್ಟಾದರೂ ಕಳೆದ ವರ್ಷ ಒಂದು ರಾತ್ರಿ ನಿದ್ದೆಯೇ ಬರಲಿಲ್ಲ. ಕೆಳಗಿನ ಮನೆಯಲ್ಲಿ ಮದುವೆ, ವಾಲಗ. ಒಂದೂವರೆಗೆ ಕಂಪನಿಯಲ್ಲಿ ಡ್ಯೂಟಿ ನೋಡಿಕೊಳ್ಳುವವರಿಗೆ ಫೋನ್ ಮಾಡಿ 'ಫಟೀಗ್, ಹಾರಿಸೋಕಾಗಲ್ಲ' ಅಂತ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಶೂರ್ ಆ ಸರ್?" ಅಂತ ಕೇಳಿದರು. ಪಾಪ, ಆ ಹೊತ್ತಲ್ಲಿ ಅವರು ಇನ್ನೊಬ್ಬರನ್ನು ಎಬ್ಬಿಸಬೇಕು. ಶೂರ್ ಅಂದೆ. ಫಾರ್ಮ್ ತುಂಬುವಾಗ 'ಕಾರಣ' ಅನ್ನೋ ಕಡೆ ವಾಲಗ ಅಂತ ಬರೆಯಬೇಕಾ ಬೇಡವಾ ಅಂತ ಐದು ನಿಮಿಷ ಯೋಚಿಸಿದೆ. ಬರೆದೆ.