ಜೀಪಿನ ಫ್ರೇಮ್ ಉಳಿಯಿತು, ನಂಬರೂ ಉಳಿಯಿತು

ನಿನ್ನೆ ಸಂಜೆ ಪೆನ್ಸಿಲ್ ಪ್ರಿಂಟ್ ಸಿಕ್ಕಿತು. ನಾನು ದುರಸ್ತಿ ಮಾಡುತ್ತಿರುವ ಹಳೆಯ ಜೀಪಿನ ಫ್ರೇಮ್, ಅಂದರೆ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು; ಅದರ ರೈಲಿನ (ಉದ್ದನೆಯ ತೊಲೆಯ) ಮುಂಭಾಗಕ್ಕೆ ಕಾಗದ ಒತ್ತಿ ಹಿಡಿದು ಪೆನ್ಸಿಲಿನಿಂದ ಉಜ್ಜುತ್ತಾ ಹೋದಂತೆ, ಗಾಡಿಯ ಗುರುತಾದ ಚಾಸಿಸ್ ನಂಬರಿನ ಅಂಕಿಗಳು ಒಂದೊಂದಾಗಿ ಎದ್ದುಬಂದವು. ಕೊನೆಯದು ಏಳೋ ಒಂದೋ ಎಂದು ಮೂರು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೆ. ಏಳೇ. ಆರ್‌ಸಿಯಲ್ಲೂ ಏಳೇ. ದಯವಿಟ್ಟು ತುಕ್ಕು ತೆಗೆಯಲೆಂದು ಆ ಜಾಗಕ್ಕೆ ಗ್ರೈಂಡರ್ ಮುಟ್ಟಿಸಬೇಡಿ. ಸೀಮೆಎಣ್ಣೆ, ಹಿತ್ತಾಳೆ ಬ್ರಶ್ ಮತ್ತು ತಾಳ್ಮೆ ಸಾಕು.

ಬಾಡಿ ಇಳಿಸಿದ್ದು, ಎಂಜಿನ್ ಬಿಚ್ಚಿದ್ದು ಎಲ್ಲರೂ ಮಾಡುವ ಕೆಲಸ, ಅದನ್ನು ಬಿಡುತ್ತೇನೆ. 1982ರ ಈ ಜೀಪಿನಲ್ಲಿ ನನ್ನನ್ನು ಹಣ್ಣು ಮಾಡಿದ್ದು ಎಡಗಡೆಯ ಹಿಂದಿನ ಸ್ಪ್ರಿಂಗ್ ಹ್ಯಾಂಗರ್, ಅಂದರೆ ಸ್ಪ್ರಿಂಗನ್ನು ಫ್ರೇಮಿಗೆ ತೂಗುಹಾಕುವ ಜಾಗ. ಸಕಲೇಶಪುರದ ಮಳೆಯಲ್ಲಿ ನಲವತ್ತು ವರ್ಷ ನೆನೆದ ರೈಲು. ಸ್ಕ್ರೂಡ್ರೈವರ್ ಒತ್ತಿದರೆ ಹಪ್ಪಳಕ್ಕೆ ಚುಚ್ಚಿದಂತೆ ಒಳಗೆ ಹೋಯಿತು.

ಗುಜರಿಯವನ ಬಳಿ ಒಳ್ಳೆಯ ಫ್ರೇಮ್ ಇತ್ತು. ಹದಿನೆಂಟು ಸಾವಿರ, "ಪೇಪರ್ ಸಮೇತ" ಬೇಕಾದರೆ ಮೂವತ್ತು. ವೆಲ್ಡಿಂಗ್ ಮೇಸ್ತ್ರಿಯ ಸಲಹೆ ಇನ್ನೂ ಸುಲಭ: "ಸಾರ್, ನಂಬರ್ ಇರುವ ತುಂಡನ್ನು ಕತ್ತರಿಸಿ ಇದಕ್ಕೆ ಕೂರಿಸಿಬಿಡೋಣ, ಅರ್ಧ ದಿನದ ಕೆಲಸ." ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ಆದರೆ ಕದ್ದ ಗಾಡಿಗೆ ಹೊಸ ಜನ್ಮ ಕೊಡುವವರು ಮಾಡುವುದೂ ಇದನ್ನೇ. ತನಿಖಾಧಿಕಾರಿ ಆ ಬೆಸುಗೆಯ ಗೆರೆಯನ್ನು ಕಂಡರೆ ನನ್ನ ಜೀಪಿಗೂ ಕಳ್ಳ ಜೀಪಿಗೂ ವ್ಯತ್ಯಾಸ ಹೇಳುವುದು ಹೇಗೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎಂಜಿನ್ ಬದಲಾದರೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಿಕೊಳ್ಳುವ ದಾರಿಯಿದೆ. ಫ್ರೇಮಿನ ಕಥೆ ಬೇರೆ, ಗಾಡಿಯ ಗುರುತು ಇರುವುದೇ ಅಲ್ಲಿ. ಇನ್ನು "ಪೇಪರ್ ಸಮೇತ" ಎಂಬ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಗಾಡಿ ನಾಶವಾದರೆ ಮಾಲೀಕ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು, ನೋಂದಣಿ ರದ್ದಾಗಬೇಕು ಎನ್ನುತ್ತದೆ 55ನೇ ಸೆಕ್ಷನ್. ಸತ್ತ ಗಾಡಿಯ ಕಾಗದ ಸಂತೆಯಲ್ಲಿ ಮಾರುವ ಸರಕಲ್ಲ.

ಹಾಗಾಗಿ ಹಳೆಯ ಫ್ರೇಮನ್ನೇ ಉಳಿಸಲು ಕೂತೆ. ಕೊಳೆತ ಒಂದೂವರೆ ಅಡಿ ಕತ್ತರಿಸಿ, ಅಷ್ಟೇ ದಪ್ಪದ ತಗಡನ್ನು ಇಂಗ್ಲಿಷಿನ ಸಿ ಅಕ್ಷರದ ಆಕಾರಕ್ಕೆ (ಸಿ ಚಾನೆಲ್) ಬಗ್ಗಿಸಿ ಕೂರಿಸಿದೆವು. ಮೇಸ್ತ್ರಿ ಒಂದೇ ಉಸಿರಿಗೆ ಉದ್ದಕ್ಕೂ ಬೆಸುಗೆ ಎಳೆದ. ತಣ್ಣಗಾದ ಮೇಲೆ ಫ್ರೇಮಿನ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದರೆ ಎರಡು ಕರ್ಣಗಳ ನಡುವೆ ಒಂಬತ್ತು ಮಿಲಿಮೀಟರ್ ವ್ಯತ್ಯಾಸ, ಫ್ರೇಮ್ ಸೊಟ್ಟಗಾಗಿತ್ತು! ರಾತ್ರಿ ಊಟ ಸೇರಲಿಲ್ಲ. ಮರುದಿನ ಎಲ್ಲವನ್ನೂ ಕತ್ತರಿಸಿ ತೆಗೆದೆವು. ಎರಡನೆಯ ಸಲ ಜೋಡಣೆಯನ್ನು ಓರೆಯಾಗಿ ಕೊಯ್ದು, ಕ್ಲ್ಯಾಂಪ್ ಬಿಗಿದು, ಒಂದಿಂಚು ಈ ಬದಿ, ಒಂದಿಂಚು ಆ ಬದಿ, ನಡುನಡುವೆ ಆರಲು ಬಿಟ್ಟು ಬೆಸೆದೆವು. ಒಳಗಡೆ ವಜ್ರಾಕಾರದ ಪಟ್ಟಿಯ ಆಸರೆ. ಈಗ ವ್ಯತ್ಯಾಸ ಎರಡೇ ಮಿಲಿಮೀಟರ್. ಹಂತ ಹಂತದ ಫೋಟೊಗಳನ್ನು ತೆಗೆದಿಟ್ಟಿದ್ದೇನೆ. ನೋಂದಣಿ ನವೀಕರಣದ ತಪಾಸಣೆಯಲ್ಲಿ ಕೇಳಿದರೆ ಏನು ಮಾಡಿದೆವು, ಎಲ್ಲಿ ಮಾಡಿದೆವು ಎಂದು ತೋರಿಸಬಹುದು.

ನಡುವೆ ಇನ್ನೊಂದು ಮಾತು. ತೀರ್ಥಹಳ್ಳಿಯ ಭಾವನ ಕೊಟ್ಟಿಗೆಯಲ್ಲಿ 1969ರ ಫಿಯೆಟ್ ನಿಂತಿದೆ, 'ಎಂವೈ' ಅಕ್ಷರದ ಹಳೆಯ ಮೈಸೂರು ನಂಬರಿನೊಂದಿಗೆ. ಐವತ್ತು ವರ್ಷ ದಾಟಿರುವುದರಿಂದ 2021ರ ವಿಂಟೇಜ್ ನಿಯಮದ ವ್ಯಾಪ್ತಿಗೆ ಬರುತ್ತದೆ. ಆ ನಂಬರನ್ನೇ ಇಟ್ಟುಕೊಳ್ಳಲೂ ಅವಕಾಶವಿದೆ. ಆದರೆ ಚಾಸಿಸ್, ಬಾಡಿ ಶೆಲ್, ಎಂಜಿನ್ ಮಾರ್ಪಾಡಾಗಿರಬಾರದು. ಆ ಫಿಯೆಟ್‌ನಲ್ಲಿ ಬೇರೆ ಫ್ರೇಮ್ ಎಂಬುದೇ ಇಲ್ಲ, ಬಾಡಿಯೇ ಚಾಸಿಸ್. ನೆಲದ ತಗಡು ಎಷ್ಟು ಉಳಿದಿದೆಯೋ ನೋಡಲು ದೀಪಾವಳಿಗೆ ಹೋಗುತ್ತೇನೆ. ಭಾವ ಅದರ ಮೇಲೆ ಅಡಿಕೆ ಹಾಳೆ ಒಟ್ಟಿದ್ದಾರೆ, ಮೊದಲು ಅದನ್ನು ಇಳಿಸಬೇಕು.

ಜೀಪಿನ ಸ್ಪ್ರಿಂಗ್ ಬುಷ್ (ಸ್ಪ್ರಿಂಗಿನ ತುದಿಯಲ್ಲಿ ಕೂರುವ ಚಿಕ್ಕ ಕೊಳವೆ) ಮಾತ್ರ ಇನ್ನೂ ಬಂದಿಲ್ಲ. ಅಂಗಡಿಯವರು ಮೂರು ಸಲ ಬೇರೆ ಅಳತೆಯದನ್ನೇ ಕಳುಹಿಸಿದರು. ಅಳತೆ ನೋಡಿಕೊಳ್ಳಲಿ ಎಂದು ಹಳೆಯ ಬುಷ್ಷನ್ನೇ ಪೊಟ್ಟಣ ಕಟ್ಟಿ ಇವತ್ತಿನ ಬಸ್ಸಿಗೆ ಹಾಕಿದ್ದೇನೆ.