ಸ್ಯಾಕ್ಸ್ ವಿಶ್ಲೇಷಣೆಯಲ್ಲಿ ಕಣ್ಣಂದಾಜಿನ ಪಾಲೆಷ್ಟು: ಈವರೆಗಿನ ಕೆಲಸ

ದ್ರಾವಣದಲ್ಲಿರುವ ಪ್ರೋಟೀನಿನಂಥ ಕಣಗಳಿಗೆ ಎಕ್ಸ್-ರೇ ಹಾಯಿಸಿ, ಅದು ಚದುರುವ ರೀತಿಯಿಂದ ಅವುಗಳ ಗಾತ್ರ, ಆಕಾರ ಅಳೆಯುವ ವಿಧಾನ ಸಣ್ಣ ಕೋನದ ಎಕ್ಸ್-ರೇ ಚದುರಿಕೆ (ಸ್ಯಾಕ್ಸ್). ಇದರಲ್ಲಿ ವಿಶ್ಲೇಷಕರ ಆಯ್ಕೆ ಉತ್ತರವನ್ನು ಎಷ್ಟು ಎಳೆದಾಡುತ್ತದೆ ಎಂದು ತಿಳಿಯಲು, ಉತ್ತರ ಮೊದಲೇ ಗೊತ್ತಿರುವ ಕರ್ವ್ (ಯಾವ ಕೋನಕ್ಕೆ ಎಷ್ಟು ತೀವ್ರತೆ ಚದುರಿತು ಎನ್ನುವ ಗೆರೆ) ಬೇಕು. ಅದಕ್ಕೆ 5 ನ್ಯಾನೊಮೀಟರ್ ತ್ರಿಜ್ಯದ ಗೋಳದ ಸೂತ್ರ ಹಿಡಿದೆವು. ಇದರ ಭ್ರಮಣ ತ್ರಿಜ್ಯ, ಅಂದರೆ ಆರ್‌ಜಿ (ಕಣ ತನ್ನ ಕೇಂದ್ರದಿಂದ ಎಷ್ಟು ದೂರ ಹರಡಿದೆ ಎನ್ನುವ ಒಂದು ಬಗೆಯ ಸರಾಸರಿ), 3.87 ನ್ಯಾನೊಮೀಟರ್.

ಗಿನಿಯೇ ಹಂತ, ಅಂದರೆ ಕರ್ವ್‌ನ ಸಣ್ಣ ಕೋನದ ತುದಿಯಿಂದ ಆರ್‌ಜಿ ತೆಗೆಯುವ ಕೆಲಸ, ಮುಗಿದಿದೆ. ತೀವ್ರತೆಯ ಲಾಗ್ ಅನ್ನು ಕ್ಯೂ (ಚದುರಿದ ಕೋನದ ಜೊತೆ ಹೆಚ್ಚುವ ಅಳತೆ) ವರ್ಗದ ಎದುರು ಹಾಕಿ ನೇರ ಗೆರೆ ಎಳೆಯುವುದು ಸುಲಭ, ಎಲ್ಲಿಗೆ ನಿಲ್ಲಿಸಬೇಕೆನ್ನುವುದೇ ಕಷ್ಟ. ಕ್ಯೂ ಮತ್ತು ಆರ್‌ಜಿಯ ಗುಣಲಬ್ಧ 1.3ಕ್ಕೆ ನಿಲ್ಲಿಸಿದರೆ ಆರ್‌ಜಿ 3.95ರ ಆಸುಪಾಸು ಬರುತ್ತದೆ, 2ರವರೆಗೆ ಎಳೆದರೆ 4.05ರ ಆಸುಪಾಸು. ನಾಯ್ಸ್ ಒಂದಿಷ್ಟೂ ಇಲ್ಲದೆಯೇ ಸುಮಾರು 5% ತಪ್ಪು! ಎರಡರಲ್ಲೂ ಆರ್-ಸ್ಕ್ವೇರ್ (ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎನ್ನುವ ಅಂಕಿ, ಪೂರ್ತಿ ಹೊಂದಿದರೆ 1) 0.99ಕ್ಕಿಂತ ಮೇಲೆಯೇ ಇರುವುದರಿಂದ ಅದನ್ನು ನೆಚ್ಚುವಂತಿಲ್ಲ. ನೋಡಬೇಕಾದ್ದು ಉಳಿಕೆಗಳ (ಬಿಂದುವಿನಿಂದ ಗೆರೆಯ ಬೆಲೆ ಕಳೆದಾಗ ಉಳಿಯುವುದು) ಪ್ಲಾಟ್: ಎರಡು ತುದಿ ಸೊನ್ನೆಯ ಕೆಳಗೆ, ನಡು ಮೇಲೆ, ಹೀಗೆ ಕಮಾನು ಕಂಡರೆ ಮೇಲಿನ ಮಿತಿಯನ್ನು ಇಳಿಸಬೇಕು. ಫಿಟ್ ಕೊಡುವ ದೋಷದ ಅಂಕಿಯಲ್ಲಿ ಈ ಆಯ್ಕೆಯ ಪಾಲು ಸೇರಿರುವುದೇ ಇಲ್ಲ.

ಕೆಳತುದಿ, ಅಂದರೆ ಅತಿ ಸಣ್ಣ ಕ್ಯೂ ಕಡೆ, ಇನ್ನೂ ಅಪಾಯಕಾರಿ. ಬೀಮ್‌ಸ್ಟಾಪ್ (ಚದುರದೆ ನೇರ ಬರುವ ಕಿರಣವನ್ನು ತಡೆಯುವ ತುಂಡು) ನೆರಳಿನ ಬಿಂದುಗಳನ್ನು ಬಿಡಲೇಬೇಕು, ಸರಿ. ಆದರೆ ಅಲ್ಲಿ ಕರ್ವ್ ಮೇಲಕ್ಕೇಳುತ್ತಿದ್ದರೆ ಪ್ರೋಟೀನ್ ಗಂಟುಗಟ್ಟಿರಬಹುದು. ಗೆರೆ ನೆಟ್ಟಗಾಗುವವರೆಗೂ ಬಿಂದು ಕತ್ತರಿಸುತ್ತಾ ಹೋದರೆ ಕೆಟ್ಟ ಸ್ಯಾಂಪಲ್ ಕೂಡ ಒಳ್ಳೆಯದಾಗಿ ಕಾಣುತ್ತದೆ.

ಈಗ ನಡೆಯುತ್ತಿರುವುದು ಬಫರ್ ಕಳೆಯುವ ಹಂತ, ಅಂದರೆ ಪ್ರೋಟೀನ್ ಕರಗಿರುವ ದ್ರವದ ಚದುರಿಕೆಯನ್ನು ಸ್ಯಾಂಪಲ್‌ನಿಂದ ಕಳೆಯುವುದು. ಮಿಲಿಲೀಟರ್‌ಗೆ 5 ಮಿಲಿಗ್ರಾಂ ಪ್ರೋಟೀನ್ ದ್ರಾವಣದ ಸುಮಾರು 0.4% ಜಾಗ ಹಿಡಿಯುತ್ತದೆ, ಹಾಗಾಗಿ ಬಫರನ್ನು 0.996ರಿಂದ ಗುಣಿಸಿ ಕಳೆಯಬೇಕು. ದೊಡ್ಡ ಕ್ಯೂನಲ್ಲಿ ಸ್ಯಾಂಪಲ್ಲೂ ಬಫರೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇಷ್ಟು ಸಣ್ಣ ಅಂಕಿಯೂ ಅಲ್ಲಿ ದೊಡ್ಡದಾಗುತ್ತದೆ. ಕಡಿಮೆ ಕಳೆದರೆ ಕ್ರಾಟ್ಕಿ ಪ್ಲಾಟ್‌ನ (ತೀವ್ರತೆಯನ್ನು ಕ್ಯೂ ವರ್ಗದಿಂದ ಗುಣಿಸಿ ಕ್ಯೂ ಎದುರು ಹಾಕುವ ಪ್ಲಾಟ್) ಬಾಲ ಏರಿ, ಮಡಚಿಕೊಂಡ ಪ್ರೋಟೀನ್ ಬಿಚ್ಚಿಕೊಂಡಂತೆ ತೋರುತ್ತದೆ. ಜಾಸ್ತಿ ಕಳೆದರೆ ಬಾಲ ಸೊನ್ನೆಗಿಂತ ಕೆಳಗಿಳಿಯುತ್ತದೆ. ಬೇಕಾದ ಆಕಾರ ಬರುವವರೆಗೆ ಗುಣಕ ತಿರುಗಿಸುವ ಆಸೆ ಇಲ್ಲೇ ಹುಟ್ಟುವುದು. ಆದ್ದರಿಂದ ಕ್ರಾಟ್ಕಿ ತೆರೆಯುವ ಮೊದಲೇ ಸಾಂದ್ರತೆಯಿಂದ ಗುಣಕ ಲೆಕ್ಕಹಾಕಿ ಬರೆದಿಡುವ ನಿಯಮ ಮಾಡಿದ್ದೇವೆ. 0.5% ಆಚೀಚೆ ಮಾಡಿದ ಕರ್ವ್‌ಗಳನ್ನೂ ಅದೇ ಪ್ಲಾಟ್‌ನಲ್ಲಿ ಹಾಕುತ್ತೇವೆ.

ಮುಂದಿನದು ಡಿಮ್ಯಾಕ್ಸ್, ಅಂದರೆ ಕಣದೊಳಗಿನ ಎರಡು ಬಿಂದುಗಳ ನಡುವಿನ ಅತಿ ಹೆಚ್ಚು ದೂರ. ಗೋಳಕ್ಕೆ ಅದು 10 ನ್ಯಾನೊಮೀಟರ್. ಚಿಕ್ಕದು ಕೊಟ್ಟರೆ ದೂರ-ವಿತರಣೆಯ (ಕಣದೊಳಗೆ ಯಾವ ದೂರದ ಬಿಂದು-ಜೋಡಿಗಳು ಎಷ್ಟಿವೆ ಎನ್ನುವ) ಕರ್ವ್ ಕೊನೆಯಲ್ಲಿ ಕಡಿದಂತೆ ಬೀಳುತ್ತದೆ, ತೀರಾ ದೊಡ್ಡದಾದರೆ ಬಾಲ ಸೊನ್ನೆಯ ಮೇಲೆ ಕೆಳಗೆ ಓಲಾಡುತ್ತದೆ. ಸ್ಯಾಂಪಲ್ ಹೆಸರು ಮುಚ್ಚಿಟ್ಟು, ಮೊದಲ ಬಿಂದು, ಕೊನೆಯ ಬಿಂದು, ಗುಣಕ, ಡಿಮ್ಯಾಕ್ಸ್ ನಾಲ್ಕನ್ನೂ ಪ್ರತಿಯೊಬ್ಬರೂ ಬೇರೆಬೇರೆಯಾಗಿ ದಾಖಲಿಸುವ ಶೀಟ್ ಸಿದ್ಧವಾಗಿದೆ.